ಕೋತರ ಕುಲುಮೆಯೂ ಕತ್ತಿಯ ಹದವೂ

ನೀಲಗಿರಿಯ ಹೆಸರು ಕನ್ನಡ ನಾಡಿನ ಶಾಸನದಲ್ಲಿ ಬರುವುದು ಯುದ್ಧದ ಮಾತಿನೊಡನೆ. ಕ್ರಿ.ಶ. 1117ರ ಚಾಮರಾಜನಗರದ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೊದವರನ್ನು ಬೆದರಿಸಿದುದನ್ನೂ ನೀಲಾದ್ರಿಯನ್ನು ಗೆದ್ದುದನ್ನೂ ಹೊಗಳಿ ಹೇಳುತ್ತದೆ. ಇಂತಹ ಶಾಸನಗಳನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ದಂಡನಾಯಕನ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಈ ಬೆಟ್ಟದ ಮೇಲೆ ಶತಮಾನಗಳ ಕಾಲ ದಿನನಿತ್ಯವೂ ಆಡಿದ ಕತ್ತಿ ದಂಡನಾಯಕನದಲ್ಲ. ಅದು ಸಾಮೆ ಕೊಯ್ದ ಕುಡುಗೋಲು, ಮುಳ್ಳು ಸವರಿದ ಮಚ್ಚುಗತ್ತಿ, ಸೌದೆ ಸೀಳಿದ ಕೊಡಲಿ. ಅದನ್ನು ಮಾಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಕೋತರು.

ಈಚೆಗೆ ನಮ್ಮ ಬಳಗದ ತರುಣರಲ್ಲಿ ಕೆಲವರಿಗೆ ಕೈಯಿಂದ ಕತ್ತಿ ಮಾಡುವ ಹವ್ಯಾಸ ಹತ್ತಿದೆ. ರಜೆಯ ದಿನಗಳಲ್ಲಿ ಮನೆಯ ಹಿತ್ತಿಲಲ್ಲಿ ಇದ್ದಲು ಹೊತ್ತಿಸಿ ಕಬ್ಬಿಣ ಬಡಿಯುತ್ತಾರೆ. ಅವರು ನೋಡಿ ಕಲಿಯುವುದು ದೂರದೇಶದವರ ಕೆಲಸವನ್ನು. ಆಡುವ ಮಾತು ಜಪಾನಿನ ಕತ್ತಿ, ಅಮೆರಿಕದ ಕತ್ತಿ. ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ತಾವು ನಿಂತಿರುವ ನೆಲದಲ್ಲಿಯೇ ಕುಲುಮೆಯನ್ನು ಗುಡಿಯೆಂದು ಕರೆದ ಜನರಿದ್ದಾರೆಂಬುದನ್ನು ಅವರು ಅರಿತಿರುವುದು ಒಳ್ಳೆಯದು. ಇದು ಅಲಂಕಾರದ ಮಾತಲ್ಲ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಘಂಟನ್ನು ತೆರೆದರೆ, ನಮ್ಮ ‘ಕುಲುಮೆ’, ‘ಕೊಲಿಮೆ’ ಎಂಬ ಮಾತುಗಳು ತಮಿಳಿನ ‘ಕೊಲ್ಲನ್’ ಎಂಬುದರ ಜೊತೆಗೆ ಒಂದೇ ಬೇರಿನಲ್ಲಿ ನಿಂತಿವೆ. ಅದೇ ಸಾಲಿನಲ್ಲಿ ಕೋತ ಭಾಷೆಯ ‘ಕೊಲೇಲ್’ ಎಂಬ ಶಬ್ದವಿದೆ. ಅದಕ್ಕೆ ಕೊಟ್ಟಿರುವ ಅರ್ಥಗಳು ಎರಡು: ಕಮ್ಮಾರಸಾಲೆ ಎಂಬುದೊಂದು, ಕೋತರ ಊರಿನ ಗುಡಿ ಎಂಬುದು ಇನ್ನೊಂದು.

ಕೋತರ ಊರುಗಳು ಏಳು. ಕೊಲ್ಲಿಮಲೆ, ತ್ರಿಚಿಗಡಿ, ಷೋಲೂರು ಕೊಕ್ಕಾಲ್, ಕೋತಗಿರಿ, ಕೀಳ್ ಕೋತಗಿರಿ, ಕುಂದೆ ಕೋತಗಿರಿ, ಗೂಡಲೂರು ಕೊಕ್ಕಾಲ್ ಎಂಬಿವು ಹೊರಗಿನವರು ಕರೆಯುವ ಹೆಸರುಗಳು. ಅವರವರೊಳಗೆ ಬೇರೆ ಹೆಸರುಗಳುಂಟು. ಬೆಟ್ಟದ ನಾನಾ ಮೂಲೆಗಳಲ್ಲಿ ಹಂಚಿಹೋಗಿರುವ ಈ ಊರುಗಳ ನೆಲೆಯನ್ನು ನಕಾಶೆಯಲ್ಲಿ ಗುರುತಿಸಿ ನೋಡಿದರೆ, ಬಡಗರ ಹಟ್ಟಿಗಳಿಗೂ ತೊದವರ ಮಂದುಗಳಿಗೂ ಕುಲುಮೆಯು ನಡೆದು ಹೋಗುವಷ್ಟು ದೂರದಲ್ಲಿ ದೊರಕುತ್ತಿದ್ದುದು ತಿಳಿಯುತ್ತದೆ. ಗಂಡಸರು ಕಬ್ಬಿಣ, ಮರ, ಚರ್ಮದ ಕೆಲಸ ಬಲ್ಲವರು. ಹೆಂಗಸರು ಮಡಕೆ ಮಾಡುವವರು. ಅವರ ವಾದ್ಯವಿಲ್ಲದೆ ಬಡಗರ ಸಾವಿನ ಕರ್ಮವಾಗಲಿ ತೊದವರದಾಗಲಿ ಪೂರೈಸುತ್ತಿರಲಿಲ್ಲ. ಪ್ರತಿಯಾಗಿ ಬಡಗರಿಂದ ಧಾನ್ಯ, ತೊದವರಿಂದ ತುಪ್ಪ ಬರುತ್ತಿತ್ತು. ಕಾಡಿನ ಸಾಮಾನು ಕುರುಂಬರಿಂದ.

1909ರಲ್ಲಿ ಥರ್ಸ್ಟನ್ ಸಾಹೇಬರು ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ಒಂದು ಸಣ್ಣ ಮಾತಿದೆ. ಪ್ರತಿಯೊಂದು ಬಡಗರ ಮನೆಗೂ ಒಬ್ಬ ‘ಮುಟ್ಟು ಕೋತ’ನಿರುತ್ತಿದ್ದನು; ಗುದ್ದಲಿ ಮುಂತಾದ ಬೇಸಾಯದ ಸಾಮಾನು, ಮಡಕೆ ಇವೆಲ್ಲ ಅವನಿಂದ ಬರಬೇಕು; ವರ್ಷಕ್ಕೊಮ್ಮೆ ಅವನಿಗೆ ಧಾನ್ಯ, ಸಾಸಿವೆ, ಆಲೂಗೆಡ್ಡೆ ಸಲ್ಲಬೇಕು. ಕನ್ನಡ ಬಲ್ಲವರಿಗೆ ‘ಮುಟ್ಟು’ ಎಂಬುದನ್ನು ವಿವರಿಸಬೇಕಾಗಿಲ್ಲ: ಕೆಲಸದ ಸಲಕರಣೆ ಎಂದೇ ನಮ್ಮ ಹಳೆಯ ಮಾತಿನಲ್ಲಿ ಅದರ ಅರ್ಥ. ಈ ಎರಡು ಪದಗಳೊಳಗೆ ಕತ್ತಿಯ ಕೆಲಸದ ಒಂದು ದೊಡ್ಡ ವಿಷಯವಡಗಿದೆ. ಅಲಗನ್ನು ಮಾಡಿದವನೂ ಬಳಸಿದವನೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲವರು. ಕುಡುಗೋಲಿನ ಬಾಯಿ ಮಡಿಚಿಕೊಂಡರೆ ಅದು ಮಾಡಿದವನ ಕೈಗೇ ತಿರುಗಿ ಬರುತ್ತಿತ್ತು. ಅಂಗಡಿಯ ಕತ್ತಿಯನ್ನು ಮಾಡಿದವನು ತನ್ನ ಕತ್ತಿಯ ಮುಪ್ಪನ್ನು ನೋಡುವುದಿಲ್ಲ. ಮುಟ್ಟು ಕೋತನು ವರ್ಷವರ್ಷವೂ ನೋಡುತ್ತಿದ್ದನು. ಅವನ ವಿದ್ಯೆ ಬೆಳೆದುದು ಹೀಗೆ.

ಇಷ್ಟಕ್ಕೇ ನಿಲ್ಲಿಸಿ ಹಳೆಯ ಕಾಲವನ್ನು ಕೊಂಡಾಡುವುದು ಸುಲಭ. ಅದು ಸತ್ಯಕ್ಕೆ ಅಪಚಾರ. ಕತ್ತಿಯನ್ನು ಕೊಟ್ಟ ಕೈಗೆ ಬೆಟ್ಟದ ಸಮಾಜವು ಸಮಾನವಾದ ಸ್ಥಾನವನ್ನು ಕೊಡಲಿಲ್ಲ. ಚರ್ಮ ಮುಟ್ಟುವವರು, ಸತ್ತ ದನದ ಮಾಂಸ ತಿನ್ನುವವರು ಎಂಬ ಕಾರಣವೊಡ್ಡಿ ನೆರೆಯವರು ಕೋತರನ್ನು ಕೆಳಗಿಟ್ಟರು. 1924ರ ಸುಮಾರಿಗೆ ಮರುಕಳಿಸುವ ಜ್ವರದ ಮಾರಿ ಬಂದು ಕೋತರ ಊರುಗಳಲ್ಲಿ ಬಹು ಜನ ಸತ್ತರು. 1930ರ ಸುಮಾರಿಗೆ ಬಡಗರು ತಮ್ಮ ಸುಧಾರಣೆಯ ಉತ್ಸಾಹದಲ್ಲಿ ಕೋತರ ವಾದ್ಯವನ್ನು ಬಿಡತೊಡಗಿದರು. ಕೊಡುಕೊಳ್ಳುವ ಹಳೆಯ ಏರ್ಪಾಡು ಸಡಿಲವಾಯಿತು. ಅದಕ್ಕೆ ಮೊದಲೇ ಪೇಟೆ ಬೆಟ್ಟ ಹತ್ತಿತ್ತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮೇಲೆ ಬಂದ ಬಳಿಕ ರಸ್ತೆ, ರಸ್ತೆಯ ಹಿಂದೆ ಅಂಗಡಿ, 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ರೈಲು. ಕಾರ್ಖಾನೆಯ ಗುದ್ದಲಿ ದುಡ್ಡಿಗೆ ಸಿಗುವಾಗ ವರ್ಷದ ಧಾನ್ಯವನ್ನು ಅಳೆದು ಕೊಡುವವರು ಕಡಿಮೆಯಾದರು.

ಇಲ್ಲಿ ಒಬ್ಬ ಉಪಾಧ್ಯಾಯರನ್ನು ಸ್ಮರಿಸದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಕೊಲ್ಲಿಮಲೆಯ ಸುಲ್ಲಿ ಎಂಬವರು ಕೋತರಲ್ಲಿ ಇಂಗ್ಲಿಷ್ ವಿದ್ಯೆ ಕಲಿತ ಮೊದಲಿಗರು, ಶಾಲೆಯ ಉಪಾಧ್ಯಾಯರಾದವರು. 1930ರ ದಶಕದಲ್ಲಿ ಎಮೆನೋ ಅವರಿಗೆ ಕೋತ ಭಾಷೆಯ ಕಥೆಗಳನ್ನು ಹೇಳಿ ಬರೆಸಿದವರು ಇವರೇ. 1944ರಿಂದ 1946ರವರೆಗೆ ಅಚ್ಚಾದ ‘ಕೋತ ಪಠ್ಯಗಳು’ ಎಂಬ ಸಂಪುಟಗಳಲ್ಲಿರುವುದು ಇವರ ಬಾಯಿಯ ಮಾತು. ಅವರು ಜುಟ್ಟು ತೆಗೆಸಿದರು, ಸತ್ತ ದನದ ಮಾಂಸವನ್ನು ಬಿಡಬೇಕೆಂದರು. ತಮ್ಮವರ ವಿರೋಧವನ್ನೂ ಸಹಿಸಿದರು. ಮಾನವಶಾಸ್ತ್ರಜ್ಞ ಮ್ಯಾಂಡೆಲ್‌ಬಾಮ್ ಅವರು 1960ರಲ್ಲಿ ಇವರ ಕುರಿತು ತಮ್ಮ ಜನರ ಸುಧಾರಕರೆಂದೇ ಬರೆದರು. ಕೋತರ ಮನೆಯ ಮಕ್ಕಳು ಕಚೇರಿಗೂ ಬ್ಯಾಂಕಿಗೂ ಚಹದ ತೋಟಕ್ಕೂ ಹೋದುದರಲ್ಲಿ ದುಃಖಪಡುವಂತಹುದು ಏನೂ ಇಲ್ಲ. ನಮಗೆ ಕತ್ತಿ ಚೆಂದವಾಗಿ ಕಾಣುತ್ತದೆಂದು ಇನ್ನೊಬ್ಬರ ಮಗನು ಸುತ್ತಿಗೆ ಹಿಡಿದೇ ಇರಬೇಕೆನ್ನುವುದು ನ್ಯಾಯವಲ್ಲ. ಹವ್ಯಾಸಿಯು ತಾನಾಗಿ ಆರಿಸಿಕೊಂಡು ಸುತ್ತಿಗೆ ಹಿಡಿಯುತ್ತಾನೆ. ಕೈ ನೋಯುವಾಗ ಬಿಡಬಲ್ಲನು. ಹಿಂದಿನವರಿಗೆ ಆ ಸ್ವಾತಂತ್ರ್ಯವಿರಲಿಲ್ಲವೆಂಬುದು ಅವನ ನೆನಪಿನಲ್ಲಿರಲಿ.

ಇನ್ನು ವಿದ್ಯೆಯ ವಿಷಯ. ಅಲಗಿಗೆ ಮೊದಲು ಬೇಕಾದುದು ಉಕ್ಕು. ಮೆದು ಕಬ್ಬಿಣಕ್ಕೂ ಉಕ್ಕಿಗೂ ವ್ಯತ್ಯಾಸವಾಗುವುದು ಅದರೊಳಗೆ ಸೇರಿದ ಇಂಗಾಲದಿಂದ. ಈ ರಹಸ್ಯವನ್ನು ಶಾಸ್ತ್ರದ ಮಾತಿನಲ್ಲಿ ಹೇಳಲು ತಿಳಿಯದಿದ್ದರೂ ಕೈಯಲ್ಲಿ ತಿಳಿದವರು ನಮ್ಮ ಮೈಸೂರು ಸೀಮೆಯಲ್ಲಿಯೂ ಸೇಲಂ ಕಡೆಯಲ್ಲಿಯೂ ಇದ್ದರು. 1800ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಬುಕಾನನ್ನನು ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಜೇಡಿಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತಿತ್ತು. ಚೆನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆ ಹೋಗುತ್ತಿತ್ತೆಂಬುದೂ ಬುಕಾನನ್ನನ ಬರಹದಿಂದ ತಿಳಿಯುತ್ತದೆ. ಐರೋಪ್ಯರು ‘ವೂಟ್ಸ್’ ಎಂದು ಕರೆದುದು ಈ ಬಗೆಯ ಉಕ್ಕನ್ನು. ನಮ್ಮ ‘ಉಕ್ಕು’ ಎಂಬ ಮಾತೇ ಅವರ ಬಾಯಲ್ಲಿ, ಅಥವಾ ಬರೆವಣಿಗೆಯಲ್ಲಿ, ಹೀಗೆ ತಿರುಚಿಕೊಂಡಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1820ರ ಸುಮಾರಿಗೆ ಲಂಡನ್ನಿನಲ್ಲಿ ಇದರ ಗುಟ್ಟನ್ನು ಹುಡುಕಲು ಕುಳಿತವನು ಮೈಕೇಲ್ ಫ್ಯಾರಡೆ. ಅವನ ಜೊತೆಗಾರ ಸ್ಟೊಡಾರ್ಟನು ಕತ್ತಿ, ಚಾಕು ಮಾಡುವ ಕಸಬಿನವನು. ವಿದ್ಯುತ್ತಿನ ಪಾಠದಲ್ಲಿ ಬರುವ ಈ ಫ್ಯಾರಡೆಯು ಕಮ್ಮಾರನ ಮಗನೆಂಬುದನ್ನು ವಿಜ್ಞಾನದ ಉಪಾಧ್ಯಾಯರು ಮಕ್ಕಳಿಗೆ ಹೇಳಿದರೆ ಚೆನ್ನು.

ಇಂದಿನ ಹವ್ಯಾಸಿಗೆ ಮೂಸೆ ಬೇಡ. ಲಾರಿಯ ಹಳೆಯ ಪಟ್ಟಿ ಸ್ಪ್ರಿಂಗು ಸಾಕು. ಅದರಲ್ಲಿ ನೂರಕ್ಕೆ ಸುಮಾರು ಅರ್ಧಪಾಲಿನಿಂದ ಮುಕ್ಕಾಲು ಪಾಲು ಇಂಗಾಲವಿರುತ್ತದೆ. ಸವೆದ ಅರವೂ ಒಳ್ಳೆಯ ಉಕ್ಕು, ಆದರೆ ಇಂಗಾಲ ಹೆಚ್ಚಾದುದರಿಂದ ಹೊಸಬನ ಕೈಯಲ್ಲಿ ಸೀಳಿಹೋಗುವುದುಂಟು. ಕಿಟಕಿಯ ಸರಳು, ಕಟ್ಟಡದ ಕಂಬಿ ಎಷ್ಟು ಬಡಿದರೂ ಬಾಯಿ ಹಿಡಿಯುವುದಿಲ್ಲ. ಸಂಶಯವಿದ್ದರೆ ಸಾಣೆಯ ಚಕ್ರಕ್ಕೆ ಮುಟ್ಟಿಸಿ ಕಿಡಿ ನೋಡಬೇಕು: ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ನೆಟ್ಟಗೆ ಹಾರುತ್ತದೆ, ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಹೂವಾಗುತ್ತದೆ. ಸತುವಿನ ಲೇಪವಿರುವ ತಗಡು, ಕೊಳವೆಗಳನ್ನು ಮಾತ್ರ ಬೆಂಕಿಗೆ ಹಾಕಲೇಬಾರದು. ಅದರ ಹೊಗೆ ಜ್ವರ ತರುತ್ತದೆ.

ಕೋತರ ಕುಲುಮೆಗೂ ಹೊರಗಿನಿಂದಲೇ ಕಬ್ಬಿಣ ಬರುವ ಕಾಲ ಬಹಳ ಹಿಂದೆಯೇ ಬಂದಿತ್ತು. ಪೇಟೆಯಿಂದ ತಂದುದನ್ನು ಕಾಯಿಸಿ ಬಡಿಯುತ್ತಿದ್ದರು. ಆದುದರಿಂದ ಹಳೆಯ ಸ್ಪ್ರಿಂಗನ್ನು ಕತ್ತಿ ಮಾಡುವುದು ಕೀಳೆಂದು ಯಾರೂ ನಾಚಬೇಕಾಗಿಲ್ಲ.

ಕುಲುಮೆಗೆ ಬೇಕಾದುದು ಇದ್ದಲು, ಗಾಳಿ, ಕತ್ತಲು. ಮೂರನೆಯದು ಕೇಳಿದವರಿಗೆ ವಿಚಿತ್ರವೆನಿಸಬಹುದು. ಹಳ್ಳಿಯ ಕಮ್ಮಾರಸಾಲೆಗಳು ಮಬ್ಬಾಗಿರುವುದು ಬಡತನದಿಂದ ಮಾತ್ರವಲ್ಲ; ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಸುಳ್ಳು ಹೇಳುತ್ತದೆ. ನೆರಳಿನಲ್ಲಿ ಕಿತ್ತಳೆಯಾಗಿ ಕಂಡುದು ಬಯಲಿನಲ್ಲಿ ಮಂಕು ಕೆಂಪು. ಬಡಿಯುವುದಕ್ಕೆ ಕಿತ್ತಳೆಯ ಬಣ್ಣ ಸರಿ. ಮಂಕು ಕೆಂಪಿಗಿಂತ ಕೆಳಗಿಳಿದ ಮೇಲೆ ಒಂದು ಏಟು ಹೆಚ್ಚಾಗಿ ಹಾಕಿದರೂ ಒಳಗೆ ಬಿರುಕು ಬೀಳಬಹುದು. ಬೆಳ್ಳಗಾಗಿ ನಕ್ಷತ್ರದಂತೆ ಕಿಡಿ ಸೂಸಿದರೆ ಉಕ್ಕು ಸುಟ್ಟಿತು, ಅಷ್ಟು ಭಾಗವನ್ನು ಕತ್ತರಿಸಿ ಎಸೆಯುವುದೇ ದಾರಿ. ಹೊಸಬರು ಸಾಮಾನ್ಯವಾಗಿ ದೊಡ್ಡ ಸುತ್ತಿಗೆಯನ್ನು ಕೊಳ್ಳುತ್ತಾರೆ. ಎರಡು ಪೌಂಡಿನದು ಧಾರಾಳ. ಅಡೆಗಲ್ಲಿಲ್ಲದವರು ರೈಲಿನ ಹಳಿಯ ತುಂಡನ್ನು ಮರದ ಕೊರಡಿಗೆ ಬಿಗಿದುಕೊಳ್ಳಬಹುದು; ಅದನ್ನು ಗುಜರಿಯಲ್ಲಿ ಕೊಂಡು ಚೀಟಿ ಇಟ್ಟುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಬಟ್ಟೆ ಇರಲಿ. ನೈಲಾನು ಕಿಡಿ ತಗಲಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಬಾಯಿಯನ್ನು ಬಡಿದು ತೆಳ್ಳಗೆ ಮಾಡುವಾಗ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ತೆಳುವಾದ ಕಡೆ ಲೋಹ ಉದ್ದಕ್ಕೆ ಹರಿಯುವುದೇ ಇದಕ್ಕೆ ಕಾರಣ. ಇದನ್ನರಿತವನು ಮೊದಲೇ ಪಟ್ಟಿಯನ್ನು ಬಾಯಿಯ ಕಡೆಗೆ ಸ್ವಲ್ಪ ಬಾಗಿಸಿಕೊಂಡಿರುತ್ತಾನೆ. ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ಹೀಗೆ ಮೂರು ಸಲ. ಸುತ್ತಿಗೆಯ ಏಟಿನಿಂದ ಉಕ್ಕಿನೊಳಗೆ ಉಳಿದ ಬಿಗಿ ಇದರಿಂದ ಬಿಡುತ್ತದೆ. ಅನಂತರ ಅರದಿಂದ ತಿದ್ದುವುದು. ಆದರೆ ಹದ ಹಾಕುವ ಮುನ್ನ ಬಾಯಿಯನ್ನು ಚೂಪು ಮಾಡಬಾರದು, ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಯಲಿ. ತೀರ ತೆಳುವಾದ ಬಾಯಿ ತಣ್ಣಗಾಗುವ ರಭಸಕ್ಕೆ ಡೊಂಕಾಗುತ್ತದೆ.

ಹದ ಹಾಕುವುದರಲ್ಲಿ ಎರಡು ಮೆಟ್ಟಲುಗಳಿವೆ. ಎರಡನೆಯದನ್ನು ಮರೆಯುವವರೇ ಹೆಚ್ಚು. ಮೊದಲನೆಯದು ಗಡಸು ಮಾಡುವುದು. ಕಾದ ಅಲಗಿಗೆ ಅಯಸ್ಕಾಂತವನ್ನು ಮುಟ್ಟಿಸುತ್ತ ಬಂದರೆ ಸುಮಾರು 770 ಡಿಗ್ರಿಯಲ್ಲಿ ಅದು ಹಿಡಿಯುವುದನ್ನು ಬಿಡುತ್ತದೆ. ಅದಕ್ಕಿಂತ ಒಂದಿಷ್ಟು ಹೆಚ್ಚು ಕಾಯಿಸಿ, ಉಗುರುಬೆಚ್ಚಗಿಗಿಂತ ತುಸು ಬಿಸಿಯಾದ ಕಡಲೆಕಾಯಿ ಎಣ್ಣೆಯಲ್ಲಿ ಮೊನೆಯಿಂದ ನೆಟ್ಟಗೆ ಇಳಿಸಬೇಕು. ಒಳಗೆ ಆಡಿಸುವುದಾದರೆ ಬಾಯಿ ಬೆನ್ನಿನ ದಿಕ್ಕಿನಲ್ಲಿ. ಪಕ್ಕಕ್ಕೆ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಹಳ್ಳಿಯ ಕಮ್ಮಾರರು ನೀರಿನಲ್ಲಿ ಅದ್ದುವುದನ್ನು ನೋಡಿ ಹೊಸಬರೂ ನೀರಿಗೆ ಹೋಗುತ್ತಾರೆ. ಆ ಕಮ್ಮಾರನಿಗೆ ಯಾವ ಭಾಗವನ್ನು ಎಷ್ಟು ಹೊತ್ತು ಮುಳುಗಿಸಬೇಕೆಂಬುದು ತಿಳಿದಿದೆ. ನಮಗೆ ‘ಟಿಣ್’ ಎಂಬ ಬಿರುಕಿನ ಸದ್ದು ಕೇಳಿದಾಗಲೇ ತಿಳಿಯುವುದು. ಎಣ್ಣೆ ಕಬ್ಬಿಣದ ಪಾತ್ರೆಯಲ್ಲಿರಲಿ, ಮುಚ್ಚಳ ಕೈಗೆಟುಕುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹೊಯ್ಯಬಾರದು. ಆರಿದ ಬಾಯಿಯ ಮೇಲೆ ಹೊಸ ಅರವನ್ನು ಎಳೆದಾಗ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಡಸು ಬಂತು.

ಆಗ ಅದು ಗಾಜಿನಷ್ಟೇ ಪೆಡಸೂ ಆಗಿರುತ್ತದೆ. ಕೈತಪ್ಪಿ ಬಿದ್ದರೆ ಎರಡಾಗುತ್ತದೆ. ಈ ಪೆಡಸನ್ನು ಇಳಿಸುವುದು ಎರಡನೆಯ ಮೆಟ್ಟಲು, ಕಣ್ಣಿಗೆ ಹಬ್ಬವಾದುದೂ ಇದೇ. ಅಲಗನ್ನು ಉಜ್ಜಿ ಹೊಳಪು ತಂದು, ಕೆಂಪಗೆ ಕಾದ ದಪ್ಪ ಕಬ್ಬಿಣದ ಮೇಲೆ ಬೆನ್ನನ್ನು ಊರಿಸಿ ಹಿಡಿದರೆ, ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಹರಿದು ಬರುತ್ತವೆ: ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ಬಳಿಕ ನೇರಳೆ, ಕೊನೆಗೆ ನೀಲಿ. ಹಳದಿ ಸುಮಾರು 220 ಡಿಗ್ರಿ, ನೀಲಿ ಸುಮಾರು 300. ಅಡಿಗೆಮನೆಯ ಕತ್ತಿಗೆ ಬಾಯಲ್ಲಿ ಹಳದಿ ಬಂದೊಡನೆ ನಿಲ್ಲಿಸಬೇಕು. ಸೌದೆ ಕಡಿಯುವ ಮಚ್ಚುಗತ್ತಿಗೆ ನೇರಳೆಯವರೆಗೆ ಹೋಗಲು ಬಿಡಬೇಕು, ಏಟು ತಾಳಬೇಕಲ್ಲವೆ. ಯಾರ ಕೈಗೆ, ಯಾವ ಕೆಲಸಕ್ಕೆ ಎಂಬುದು ತಿಳಿಯದೆ ಹದವನ್ನು ನಿರ್ಣಯಿಸಲಾಗದು. ಮುಟ್ಟು ಕೋತನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಆ ಮನೆಯ ಹೊಲ, ಕಲ್ಲು, ಬೇಲಿ ಅವನಿಗೆ ಗೊತ್ತಿತ್ತು.

ಹಿಡಿಯ ವಿಷಯದಲ್ಲಿ ಮಸಣಗುಡಿ, ಗೂಡಲೂರು ಕಡೆಯವರಿಗೆ ಒಂದು ಮಾತು. ಕಾಡಿನಂಚಿನಲ್ಲಿ ಬಿದ್ದು ಸಿಕ್ಕಿದ ಜಿಂಕೆಯ ಕೊಂಬು ಹಿಡಿಗೆ ಸೊಗಸೆಂದು ಕೆಲವರ ಆಸೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ತಾನಾಗಿ ಉದುರಿದ ಕೊಂಬನ್ನು ಹೆಕ್ಕುವುದೂ ಅಪರಾಧ. ಚೆನ್ನಾಗಿ ಒಣಗಿದ ಗಟ್ಟಿ ಮರವೇ ಸಾಕು. ನೀಲಗಿರಿ ಮರ ಸುಲಭವಾಗಿ ಸಿಗುತ್ತದಾದರೂ ಒಣಗುವಾಗ ಸೀಳುತ್ತದೆ. ಮರಕ್ಕೆ ತೂತು ಕೊರೆದು, ಅರಗಿಗೆ ಇಟ್ಟಿಗೆಯ ಪುಡಿ ಬೆರೆಸಿ ಕರಗಿಸಿ ತುಂಬಿ, ಅಲಗಿನ ಬಾಲವನ್ನು ಬೆಚ್ಚಗೆ ಮಾಡಿ ಒತ್ತುವುದು ನಮ್ಮ ದೇಶದ ಹಳೆಯ ಪದ್ಧತಿ. ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗು ಮನೆಗೆಲಸ, ಬೇಸಾಯ ಮುಂತಾದವಕ್ಕೆ ಮಾಡಿದುದಲ್ಲವಾದರೆ ಆಯುಧಗಳ ಕಾನೂನಿಗೆ ಒಳಪಡುತ್ತದೆ. ನೆರೆಯ ಕೊಡಗಿನ ಒಡಿಕತ್ತಿ, ಪೀಚೆಕತ್ತಿಗಳನ್ನು ನೋಡಿ ಮನಸೋತವರು ಕೊಡವರಿಗೆ ಆ ಕಾನೂನಿನಿಂದ ಬೇರೆಯೇ ವಿನಾಯಿತಿಯುಂಟೆಂಬುದನ್ನು ತಿಳಿದಿರಬೇಕು.

ಕೊನೆಯ ಸಾಣೆ ನೀರು ಹಾಕಿದ ಕಲ್ಲಿನ ಮೇಲೆ, ಅವಸರವಿಲ್ಲದೆ. ಯಂತ್ರದ ಚಕ್ರಕ್ಕೆ ಒತ್ತಿ ಹಿಡಿದು ಬಾಯಿ ನೀಲಿಯಾದರೆ ಹಾಕಿದ ಹದವೆಲ್ಲ ಅಲ್ಲಿಗೆ ಹೋಯಿತು. ನಮ್ಮ ಬೆಟ್ಟದ ಮಂಜಿನಲ್ಲಿ ಒಂದು ರಾತ್ರಿಗೇ ತುಕ್ಕು ಏರುತ್ತದೆ. ಮರದ ಅಂಟನ್ನು ಒರಸಿ ತೆಗೆಯಲು ನೀಲಗಿರಿ ಎಣ್ಣೆ ಒಳ್ಳೆಯದು, ಆದರೆ ಅದು ಆರಿಹೋಗುತ್ತದೆ; ಕಾಪಿಗೆ ಹರಳೆಣ್ಣೆಯನ್ನು ತೆಳ್ಳಗೆ ಸವರಬೇಕು.

ಮೊದಲ ಕತ್ತಿಯನ್ನು ಗೋಡೆಗೆ ತೂಗುಹಾಕದೆ ದಿನವೂ ಕೆಲಸ ಮಾಡುವ ಯಾರಾದರೊಬ್ಬರಿಗೆ ಕೊಟ್ಟು, ಒಂದು ಮಳೆಗಾಲ ಕಳೆದ ಮೇಲೆ ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡುವುದು ಉಚಿತ. ಬಾಯಿ ಮಡಿಚಿಕೊಂಡಿದ್ದರೆ ಹದ ಬಹಳ ಇಳಿದಿದೆ, ಅಥವಾ ಗಡಸೇ ಬಂದಿರಲಿಲ್ಲ. ಚಕ್ಕೆ ಎದ್ದಿದ್ದರೆ ಬಣ್ಣ ಹರಿಯುವಾಗ ಬೇಗ ನಿಲ್ಲಿಸಿದ್ದೇವೆ. ಬಾಯಿ ನೆಟ್ಟಗಿದ್ದು ಹಿಡಿ ಸಡಿಲವಾಗಿದ್ದರೆ ಮರ ಹಸಿಯಾಗಿತ್ತು.